ಅಳಿವೆಯಲ್ಲಿ ನಿಲ್ಲುವ ಎಂಜಿನ್

ಪೂರ್ತಿ ಕೆಟ್ಟುಹೋದ ದೋಣಿ ಎಂಜಿನ್‌ನಿಂದ ಯಾರಿಗೂ ಅಪಾಯವಿಲ್ಲ. ಅದು ದಡದಲ್ಲೇ ಉಳಿಯುತ್ತದೆ, ಅದರ ಜೊತೆ ದೋಣಿಯೂ, ದೋಣಿಯ ಜನರೂ ಉಳಿಯುತ್ತಾರೆ. ಅಪಾಯ ಇರುವುದು ಅರೆಬರೆ ಕೆಟ್ಟ ಎಂಜಿನ್‌ನಲ್ಲಿ. ಅದು ಬೆಳಿಗ್ಗೆ ಒಂದೇ ಎಳೆತಕ್ಕೆ ಶುರುವಾಗುತ್ತದೆ, ಏಳೆಂಟು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಐದು ನಿಮಿಷ ಕಾದು ಹಗ್ಗ ಎಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ದಡಕ್ಕೆ ತಂದು ಮೆಕ್ಯಾನಿಕ್ ಮುಂದೆ ಇಟ್ಟರೆ ಒಳ್ಳೆಯ ಹುಡುಗನ ಹಾಗೆ ನಡೆದುಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಸಿಕ್ಕಿದ್ದು ಇಂಥದ್ದೇ ಒಂದು ಎಂಜಿನ್.

ಊರು ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ನದಿಗಳು ಒಟ್ಟಾಗಿ ಕಡಲು ಸೇರುವ ಜಾಗ. ನದಿ ಕಡಲಿಗೆ ಬೀಳುವ ಬಾಯಿಯನ್ನು ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಮಳೆಗಾಲದಲ್ಲಿ ಒಳಗಿನಿಂದ ಕೆಂಪು ನೀರಿನ ನೆರೆ ನುಗ್ಗುತ್ತಿರುತ್ತದೆ, ಹೊರಗಿನಿಂದ ಅಲೆ ಬರುತ್ತಿರುತ್ತದೆ, ನಡುವೆ ಮರಳಿನ ದಿಬ್ಬ. ಎರಡೂ ಗುದ್ದಾಡುವ ಆ ಕೆಲವು ನೂರು ಮೀಟರ್ ದಾಟುವಾಗ ದೋಣಿಯ ಮೂತಿ ಅಲೆಗೆ ನೇರವಾಗಿರಬೇಕು. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಅಲೆ ಹೊಡೆದರೆ ಏನಾಗುತ್ತದೆ ಎಂದು ಕರಾವಳಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಐದು ನಿಮಿಷ ಕಾದು ಮತ್ತೆ ಹಗ್ಗ ಎಳೆಯುವ ಅವಕಾಶವೂ ಇಲ್ಲ.

ಹಾಗಿದ್ದರೆ ಮಳೆಗಾಲದಲ್ಲಿ ಹೋಗುವುದೇಕೆ ಎಂದು ಕಾಲೇಜಿನ ಗೆಳತಿಯರು ಕೇಳಿದ್ದುಂಟು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅದು. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ಅವಕಾಶ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಂತಿರುವಾಗ ಸಿಗಡಿ, ಬಂಗುಡೆ, ಬೂತಾಯಿ ತರುವವರು ಇವರೇ. ಹಾಗಾಗಿ ನಾಡದೋಣಿಯವರಿಗೆ ಮಳೆಗಾಲವೇ ಸುಗ್ಗಿ. ಅಮ್ಮನ ತಮ್ಮ, ಅಂದರೆ ನನ್ನ ಮಾವನ ದೋಣಿಯಲ್ಲಿ ಒಟ್ಟು ಐದು ಜನ. ಆ ಎಂಜಿನ್ ಒಂದು ದಿನ ನಿಂತರೆ ಐದು ಮನೆಗಳ ಒಂದು ದಿನ ನಿಲ್ಲುತ್ತದೆ.

ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನಾನು ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬರುವ ಹೊತ್ತಿಗೆ ಈ ಕಾಟ ಶುರುವಾಗಿ ಎರಡು ವಾರವಾಗಿತ್ತು.

ಬೆನ್ನಿಗೆ ಕಟ್ಟಿಕೊಂಡ ಎಂಜಿನ್

ಕರಾವಳಿಯ ಆಚೆಗಿನ ಓದುಗರಿಗಾಗಿ ಎರಡು ಮಾತು. ಔಟ್‌ಬೋರ್ಡ್ ಎಂದರೆ ದೋಣಿಯ ಹೊಟ್ಟೆಯೊಳಗೆ ಕೂರದೆ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಕೊಳ್ಳುವ ಎಂಜಿನ್. ಮೇಲೆ ಎಂಜಿನ್, ನಡುವೆ ಉದ್ದದ ಕಾಲು, ಕಾಲಿನ ತುದಿಯಲ್ಲಿ ನೀರೊಳಗೆ ತಿರುಗುವ ರೆಕ್ಕೆ. ಸಂಜೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್‌ವಾಕಿ ನಗರದಲ್ಲಿ ಇಂಥ ಮೋಟಾರುಗಳನ್ನು ಮಾರತೊಡಗಿದ. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ. ಇಂದಿಗೂ ಮೂಲ ರಚನೆ ಅದೇ.

ನಮ್ಮ ನಾಡದೋಣಿಗಳ ಎಂಜಿನ್‌ಗಳಲ್ಲಿ ಬಹಳಷ್ಟು ಸೀಮೆಎಣ್ಣೆಯವು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ತಣ್ಣಗಿರುವ ಎಂಜಿನ್‌ನಲ್ಲಿ ಹೊತ್ತಿಕೊಳ್ಳುವುದಿಲ್ಲ. ಅದಕ್ಕಾಗಿ ಎರಡು ದಾರಿ. ಮೊದಲು ಸಣ್ಣ ಟ್ಯಾಂಕಿನ ಪೆಟ್ರೋಲಿನಲ್ಲಿ ಶುರು ಮಾಡಿ ಎಂಜಿನ್ ಬಿಸಿಯಾದ ಮೇಲೆ ಒಂದು ಕೀಲಿ ತಿರುಗಿಸಿ ಸೀಮೆಎಣ್ಣೆಗೆ ಬದಲಿಸುತ್ತಾರೆ. ದಡಕ್ಕೆ ಬರುವಾಗ ಕೊನೆಯ ಕೆಲವು ನಿಮಿಷ ಮತ್ತೆ ಪೆಟ್ರೋಲಿಗೆ ತರುತ್ತಾರೆ. ಇಲ್ಲದಿದ್ದರೆ ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ಬೆಳಿಗ್ಗೆ ಹಗ್ಗ ಎಳೆದೆಳೆದು ತೋಳು ಬೀಳುತ್ತದೆ.

ಈ ಎರಡು ದಾರಿಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ನಮಗೆ ಅತಿ ದೊಡ್ಡ ಸುಳಿವಾಯಿತು.

ಊರೆಲ್ಲ ವೈದ್ಯರು

ಜ್ವರ ಬಂದವನಿಗೆ ಸಿಗುವಷ್ಟೇ ಸಲಹೆಗಳು ಕೆಟ್ಟ ಎಂಜಿನ್‌ಗೂ ಸಿಗುತ್ತವೆ. ಸ್ಪಾರ್ಕ್ ಪ್ಲಗ್ ಬದಲಿಸಿ ಎಂದರು ಒಬ್ಬರು. ಬದಲಿಸಲಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ ಎಂದರು ಇನ್ನೊಬ್ಬರು. ತೊಳೆಯಲಾಯಿತು. ಎಣ್ಣೆ ಹೆಚ್ಚಾಗಿದೆ, ಎಣ್ಣೆ ಕಡಿಮೆಯಾಗಿದೆ ಎಂಬ ಎರಡು ಪಕ್ಷಗಳೂ ಹುಟ್ಟಿಕೊಂಡವು. ಕೊನೆಗೆ ಒಬ್ಬ ಮೆಕ್ಯಾನಿಕ್, ಬಿಸಿಯಾದಾಗ ನಿಲ್ಲುತ್ತದೆ, ತಣ್ಣಗಾದಾಗ ಶುರುವಾಗುತ್ತದೆ, ಹಾಗಾದರೆ ಇದು ಕಿಡಿ ಕೊಡುವ ಸಿ.ಡಿ.ಐ. ಪೆಟ್ಟಿಗೆಯದ್ದೇ ದೋಷ ಎಂದು ಹೇಳಿ ಅದನ್ನೂ ಬದಲಿಸಿದರು.

ಅವರ ತರ್ಕದಲ್ಲಿ ಹುರುಳಿತ್ತು. ಕಿಡಿ ಹೊಮ್ಮಿಸುವ ಸುರುಳಿಗಳು, ಎಲೆಕ್ಟ್ರಾನಿಕ್ ಭಾಗಗಳು ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವುದು ನಿಜವಾಗಿಯೂ ಉಂಟು. ಆದರೆ ಹೊಸ ಪೆಟ್ಟಿಗೆ ಹಾಕಿದ ಮರುದಿನವೂ ಎಂಜಿನ್ ಎಂಟನೇ ನಿಮಿಷಕ್ಕೆ ನಿಂತಿತು. ದುಡ್ಡು ಹೋಯಿತು, ನಾಲ್ಕು ದಿನದ ದುಡಿಮೆಯೂ ಹೋಯಿತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಇಷ್ಟೆಲ್ಲ ಬದಲಿಸಿದ ಮೇಲೂ ದೋಷ ಎಲ್ಲಿದೆ ಎಂಬ ತಿಳಿವಳಿಕೆ ಒಂದಿಂಚೂ ಮುಂದೆ ಹೋಗಿರಲಿಲ್ಲ. ಅಂದಾಜಿನ ಮೇಲೆ ಬಿಡಿಭಾಗ ಬದಲಿಸುತ್ತಾ ಹೋಗುವುದರ ನಷ್ಟ ಇದೇ. ಅದೃಷ್ಟ ಒಲಿದರೆ ಎಂಜಿನ್ ಓಡುತ್ತದೆ. ಒಲಿಯದಿದ್ದರೆ ಜೇಬು ಖಾಲಿಯಾಗಿರುತ್ತದೆ, ಪ್ರಶ್ನೆ ಹಾಗೇ ಇರುತ್ತದೆ.

ಹೇಗೆ ನಿಂತಿತು?

ಸಂಜೆ ಜಗಲಿಯಲ್ಲಿ ಬಲೆ ಹೊಲಿಯುತ್ತಾ ಕುಳಿತ ಮಾವನ ಹತ್ತಿರ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ನಿಲ್ಲುವಾಗ ಹೇಗೆ ನಿಲ್ಲುತ್ತದೆ? ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದಾ, ಇಲ್ಲ ನಿಧಾನಕ್ಕಾ?’

ಎಂಟನೇ ತರಗತಿಗೆ ಶಾಲೆ ಬಿಟ್ಟ ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. ‘ಸ್ವರ ಕುಗ್ಗತ್ತ್. ಮತ್ತೊಂದ್ ಸಲ ಏರತ್ತ್. ಮತ್ತೆ ಕುಗ್ಗಿ ನಿಲ್ಲತ್ತ್’ ಎಂದರು. ಇಪ್ಪತ್ತು ವರ್ಷದಿಂದ ಅದೇ ಸದ್ದಿನ ಪಕ್ಕದಲ್ಲಿ ಕುಳಿತ ಕಿವಿ ಅದು. ಇಷ್ಟು ದಿನ ಎಂಜಿನ್ ನೋಡಿದವರಲ್ಲಿ ಯಾರೂ ಅವರನ್ನು ಈ ಮಾತು ಕೇಳಿರಲಿಲ್ಲ.

ಎಂಜಿನ್ ಓಡಲು ಬೇಕಾದದ್ದು ಮೂರು: ಸರಿಯಾದ ಪ್ರಮಾಣದ ಇಂಧನ ಮತ್ತು ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಒತ್ತಡ. ಕಿಡಿ ತಪ್ಪಿದರೆ ಎಂಜಿನ್ ಸಾಮಾನ್ಯವಾಗಿ ದೀಪ ಆರಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ಇಂಧನ ಸಾಲದೆ ಹೋದರೆ ಹಸಿದವನ ಹಾಗೆ ಕುಗ್ಗುತ್ತದೆ, ಒಂದು ಗುಟುಕು ಸಿಕ್ಕಾಗ ಏರುತ್ತದೆ, ಮತ್ತೆ ಕುಗ್ಗಿ ನಿಲ್ಲುತ್ತದೆ. ಒತ್ತಡ ಕಡಿಮೆಯಾಗಿದ್ದರೆ ಶುರುವಾಗುವುದೇ ಕಷ್ಟ. ಇದು ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಮಾವನ ಒಂದು ವಾಕ್ಯ ನಮ್ಮನ್ನು ಇಂಧನದ ಕಡೆಗೆ ತಿರುಗಿಸಿತು.

ಐದು ನಿಮಿಷ ಕಾದರೆ ಮತ್ತೆ ಶುರುವಾಗುವುದಕ್ಕೂ ಇದರಲ್ಲಿ ಉತ್ತರವಿತ್ತು. ಕಾರ್ಬುರೇಟರ್‌ನಲ್ಲಿ ಒಂದು ಸಣ್ಣ ಬಟ್ಟಲಿದೆ. ಎಂಜಿನ್ ಕುಡಿಯುವುದು ಆ ಬಟ್ಟಲಿನಿಂದ. ಟ್ಯಾಂಕಿನಿಂದ ಬರುವುದಕ್ಕಿಂತ ಕುಡಿಯುವುದು ಹೆಚ್ಚಾದರೆ ಬಟ್ಟಲು ಬರಿದಾಗುತ್ತದೆ. ನಿಂತ ಮೇಲೆ ದಾರಿ ನಿಧಾನಕ್ಕೆ ಸಡಿಲಗೊಂಡು, ರಬ್ಬರ್ ಬುರುಡೆ ಒತ್ತಿದಾಗ ಬಟ್ಟಲು ತುಂಬುತ್ತದೆ. ‘ತಣ್ಣಗಾಗುವುದು’ ಮತ್ತು ‘ತುಂಬಿಕೊಳ್ಳುವುದು’ ಎರಡಕ್ಕೂ ಬೇಕಾಗುವುದು ಅದೇ ಐದು ನಿಮಿಷ. ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು. ಎರಡರಲ್ಲಿ ಯಾವುದು ಎಂದು ಬೇರ್ಪಡಿಸಿ ಹೇಳುವ ಪರೀಕ್ಷೆ ಬೇಕಿತ್ತು.

ನಾಲ್ಕು ಪರೀಕ್ಷೆಗಳು

ಪರೀಕ್ಷೆ ಕಡಲಲ್ಲಿ ಮಾಡುವ ಮಾತೇ ಇರಲಿಲ್ಲ. ಅಳಿವೆಯಿಂದ ಸಾಕಷ್ಟು ಒಳಗೆ, ನದಿಯ ನಿಧಾನದ ನೀರಿನಲ್ಲಿ, ಪಕ್ಕದಲ್ಲಿ ಇನ್ನೊಂದು ದೋಣಿ ಇಟ್ಟುಕೊಂಡು, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಮಾಡಿದೆವು. ಡ್ರಮ್ಮಿನ ನೀರಿನಲ್ಲಿ ಎಂಜಿನ್ ಇಳಿಸಿ ಓಡಿಸಬಹುದಲ್ಲ ಎಂದು ಕೇಳಬಹುದು. ಅಲ್ಲಿ ಎಂಜಿನ್‌ಗೆ ಭಾರ ಬೀಳುವುದಿಲ್ಲ, ಪೂರ್ತಿ ಇಂಧನವನ್ನೂ ಬೇಡುವುದಿಲ್ಲ. ಮೆಕ್ಯಾನಿಕ್ ಅಂಗಳದಲ್ಲಿ ಅದು ಒಳ್ಳೆಯ ಹುಡುಗನಾಗಿದ್ದದ್ದು ಇದೇ ಕಾರಣಕ್ಕೆ. ದೋಷ ಯಾವ ಸ್ಥಿತಿಯಲ್ಲಿ ಕಾಣಿಸಿಕೊಳ್ಳುತ್ತದೋ ಆ ಸ್ಥಿತಿಯನ್ನೇ ಮತ್ತೆ ಸೃಷ್ಟಿಸಬೇಕು. ದೋಣಿಯಲ್ಲಿ ಹುಡುಗಿ ಎಂಥದಕ್ಕೆ ಎಂದು ದಡದಲ್ಲಿ ಒಬ್ಬರು ಕೇಳಿದರು. ಗಡಿಯಾರ ನೋಡಿ ಬರೆದುಕೊಳ್ಳಲಿಕ್ಕೆ ಎಂದರು ಮಾವ. ನಿಜಕ್ಕೂ ನನ್ನ ಮೊದಲ ಕೆಲಸ ಅದೇ ಆಗಿತ್ತು.

ಮೊದಲನೆಯದು, ಪೆಟ್ರೋಲಿನಲ್ಲೇ ಪೂರ್ತಿ ವೇಗ. ಕೀಲಿಯನ್ನು ಸೀಮೆಎಣ್ಣೆಗೆ ತಿರುಗಿಸದೆ ಸಣ್ಣ ಟ್ಯಾಂಕ್ ತುಂಬಿಸಿ ಹದಿಮೂರು ನಿಮಿಷ ಓಡಿಸಿದೆವು. ಎಂಜಿನ್ ಒಮ್ಮೆಯೂ ಕುಗ್ಗಲಿಲ್ಲ. ಇದರ ಅರ್ಥ ಏನು ನೋಡಿ: ಕಿಡಿ, ಒತ್ತಡ, ಕಾರ್ಬುರೇಟರ್, ಇಂಧನ ಪಂಪ್, ನೀರಿನ ತಂಪು ಇವೆಲ್ಲ ಪೆಟ್ರೋಲಿಗೂ ಸೀಮೆಎಣ್ಣೆಗೂ ಒಂದೇ. ಅವುಗಳಲ್ಲಿ ದೊಡ್ಡ ದೋಷವಿದ್ದರೆ ಪೆಟ್ರೋಲಿನಲ್ಲೂ ನಿಲ್ಲಬೇಕಿತ್ತು. ಎಂಜಿನ್‌ನ ಮುಕ್ಕಾಲು ಪಾಲು ಒಂದೇ ಪರೀಕ್ಷೆಯಲ್ಲಿ ನಿರಪರಾಧಿಯಾಯಿತು. ಉಳಿದದ್ದು ಸೀಮೆಎಣ್ಣೆಯ ದಾರಿ ಮಾತ್ರ: ದೊಡ್ಡ ಟ್ಯಾಂಕ್, ಅದರೊಳಗಿನ ಹೀರುಕೊಳವೆ, ರಬ್ಬರ್ ಪೈಪು, ನಡುವಿನ ಪ್ರೈಮರ್ ಬಲ್ಬ್, ಕೀಲಿಯವರೆಗಿನ ಜೋಡಣೆಗಳು. ಅಥವಾ ಸೀಮೆಎಣ್ಣೆಯೇ.

ಎರಡನೆಯದು, ಬಲ್ಬನ್ನು ಮುಟ್ಟಿ ನೋಡುವುದು. ಪ್ರೈಮರ್ ಬಲ್ಬ್ ಎಂದರೆ ಪೈಪಿನ ನಡುವೆ ಇರುವ ಮೊಟ್ಟೆಯಾಕಾರದ ರಬ್ಬರ್ ಬುರುಡೆ. ಶುರು ಮಾಡುವ ಮುನ್ನ ಅದನ್ನು ಒತ್ತಿ ಒತ್ತಿ ಇಂಧನವನ್ನು ಮೇಲಕ್ಕೆ ತರುತ್ತಾರೆ. ಅದರೊಳಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. ಈ ಬುರುಡೆ ಪೈಪಿನ ನಾಡಿ ಇದ್ದ ಹಾಗೆ. ಎಂಜಿನ್ ಕುಗ್ಗುವ ಹೊತ್ತಿಗೆ ಅದನ್ನು ಹಿಡಿದರೆ ದೋಷ ಯಾವ ಕಡೆಗಿದೆ ಎಂದು ಹೇಳುತ್ತದೆ. ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಬಲ್ಬಿನಿಂದ ಟ್ಯಾಂಕಿನ ಕಡೆಗೆ ಎಲ್ಲೋ ದಾರಿ ಕಟ್ಟಿದೆ. ಗಟ್ಟಿಯಾಗಿ ಉಬ್ಬಿದ್ದು ಒತ್ತಿದರೂ ಬಗ್ಗದಿದ್ದರೆ ಇಂಧನ ಬಲ್ಬಿನವರೆಗೆ ಬಂದಿದೆ, ತಡೆ ಇದ್ದರೆ ಅದು ಎಂಜಿನ್ ಕಡೆಗೆ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಒಳಬರುತ್ತಿದೆ, ಇಲ್ಲವೇ ಬಲ್ಬಿನ ಕವಾಟ ಕೆಟ್ಟಿದೆ. ಸೀಮೆಎಣ್ಣೆಯಲ್ಲಿ ಓಡಿಸಿದೆವು. ಎಂಟನೇ ನಿಮಿಷಕ್ಕೆ ಸ್ವರ ಕುಗ್ಗಿತು. ಮಾವ ಬಲ್ಬ್ ಹಿಡಿದು ನನ್ನ ಕಡೆ ತೋರಿಸಿದರು. ಒಣಗಿದ ಖರ್ಜೂರದ ಹಾಗೆ ಚಪ್ಪಟೆ.

ಮೂರನೆಯದು, ಟ್ಯಾಂಕಿನ ಮುಚ್ಚಳ. ಟ್ಯಾಂಕಿನಿಂದ ಎಣ್ಣೆ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದ ಮೇಲೆ ಒಂದು ಸಣ್ಣ ಗಾಳಿ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಅಥವಾ ಉಪ್ಪು ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಎಂಜಿನ್ ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಇಂಥ ದೂರುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು, ಪೈಸೆ ಖರ್ಚಿಲ್ಲ. ನಾವು ತಿರುಪನ್ನಷ್ಟೇ ಅಲ್ಲ, ಮುಚ್ಚಳವನ್ನೇ ಸಡಿಲಿಸಿ ಇಟ್ಟು ಓಡಿಸಿದೆವು. ಮತ್ತೆ ಎಂಟು ನಿಮಿಷ, ಮತ್ತೆ ಚಪ್ಪಟೆ ಬಲ್ಬ್. ಮುಚ್ಚಳ ನಿರಪರಾಧಿ.

ನಾಲ್ಕನೆಯದು, ಅದಲು ಬದಲು. ಪಕ್ಕದ ಮನೆಯವರ ದೋಣಿಯಲ್ಲೂ ಅದೇ ಮಾದರಿಯ ಎಂಜಿನ್, ಹಾಗಾಗಿ ಪೈಪಿನ ತುದಿಗಳು ಹೊಂದುತ್ತಿದ್ದವು. ಅವರ ಟ್ಯಾಂಕ್ ಮತ್ತು ಪೈಪನ್ನು ಎರವಲು ತಂದೆವು. ಮೊದಲು ಅವರ ಟ್ಯಾಂಕ್, ಅವರ ಪೈಪು ಹಾಕಿ ನಮ್ಮ ಎಂಜಿನ್ ಓಡಿಸಿದೆವು. ಇಪ್ಪತ್ತೈದು ನಿಮಿಷ ಓಡಿತು, ನಾವೇ ನಿಲ್ಲಿಸಿದೆವು. ಆಮೇಲೆ ನಮ್ಮ ಟ್ಯಾಂಕಿಗೆ ಅವರ ಪೈಪು. ಇಪ್ಪತ್ತೈದು ನಿಮಿಷ, ಏನೂ ತೊಂದರೆಯಿಲ್ಲ. ನಮ್ಮ ಟ್ಯಾಂಕ್, ಅದರ ಹೀರುಕೊಳವೆ, ಅದರೊಳಗಿನ ಸೀಮೆಎಣ್ಣೆ ಎಲ್ಲವೂ ಪಾರಾದವು. ಕೊನೆಗೆ ಅವರ ಟ್ಯಾಂಕಿಗೆ ನಮ್ಮ ಪೈಪು. ಒಂಬತ್ತನೇ ನಿಮಿಷಕ್ಕೆ ಎಂಜಿನ್ ನಿಂತಿತು.

ಈ ಕೊನೆಯ ಓಟ ಅನವಶ್ಯಕ ಎಂದು ದೋಣಿಯಲ್ಲಿದ್ದವರಿಗೆ ಅನಿಸಿತ್ತು. ಆದರೆ ಅನುಮಾನದ ಭಾಗವನ್ನು ತೆಗೆದಾಗ ತೊಂದರೆ ಹೋದರೆ ಅರ್ಧ ಸಾಕ್ಷಿ ಮಾತ್ರ ಸಿಕ್ಕಿದಂತೆ. ಅದನ್ನು ಮತ್ತೆ ಜೋಡಿಸಿದಾಗ ತೊಂದರೆ ಮರಳಿ ಬಂದರೆ ಸಾಕ್ಷಿ ಪೂರ್ತಿಯಾಗುತ್ತದೆ. ಹಿಂದೆ ಎರಡು ಸಲ ‘ಈಗ ಸರಿಯಾಯ್ತು’ ಎಂದು ನಂಬಿ ಕಡಲಿಗೆ ಹೋಗಿ ಮಾವ ನಿಂತಿದ್ದರು. ಮೂರನೇ ಸಲ ಅಳಿವೆಯಲ್ಲಿ ಆ ನಂಬಿಕೆಯನ್ನು ಪರೀಕ್ಷಿಸುವ ಹಾಗಿರಲಿಲ್ಲ.

ಪೈಪಿನೊಳಗಿನ ಪೈಪು

‘ಹೊರಗಿಂದ ಕಾಂಬುಕೆ ಹೊಸ ಪೈಪೇ ಅಲ್ದಾ’ ಎಂದರು ಮಾವ. ನಿಜ, ಒಂದು ಬಿರುಕಿಲ್ಲ, ಒಂದು ಹನಿ ಸೋರಿಕೆಯಿಲ್ಲ. ಬಾಯಲ್ಲಿ ಊದಿದರೆ ಗಾಳಿ ಸರಾಗವಾಗಿ ಹೋಗುತ್ತಿತ್ತು. ಟ್ಯಾಂಕಿನಿಂದ ಬಲ್ಬಿನವರೆಗಿನ ತುಂಡನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ಕತೆ ಕಂಡಿತು.

ಇಂಧನದ ಪೈಪು ಒಂದೇ ಪದರದ್ದಲ್ಲ. ಹೊರಗೆ ಬಿಸಿಲು, ಉಪ್ಪು ತಡೆಯುವ ಗಟ್ಟಿ ರಬ್ಬರ್. ಒಳಗೆ ಇಂಧನಕ್ಕೆ ತಾಳಿಕೊಳ್ಳುವ ತೆಳುವಾದ ಇನ್ನೊಂದು ಪದರ. ನಮ್ಮ ಪೈಪಿನಲ್ಲಿ ಈ ಒಳಪದರ ಹೊರಪದರವನ್ನು ಬಿಟ್ಟುಕೊಂಡಿತ್ತು, ಅಂಗಿಯ ತೋಳಿನೊಳಗೆ ಹೊಲಿಗೆ ಬಿಟ್ಟ ಅಸ್ತರಿನ ಹಾಗೆ. ನಿಧಾನಕ್ಕೆ ಓಡುವಾಗ ಹೀರುವಿಕೆ ಕಡಿಮೆ, ಅಸ್ತರು ತನ್ನ ಜಾಗದಲ್ಲೇ ಇರುತ್ತದೆ. ಪೂರ್ತಿ ವೇಗದಲ್ಲಿ ಪಂಪ್ ಬಲವಾಗಿ ಹೀರಿದಾಗ ಅದು ಒಳಕ್ಕೆ ಕುಸಿಯುತ್ತಾ ಕುಸಿಯುತ್ತಾ ದಾರಿಯನ್ನು ಮುಚ್ಚುತ್ತದೆ. ಎಂಜಿನ್ ನಿಂತ ಮೇಲೆ ಹೀರುವಿಕೆ ಹೋಗಿ ಮತ್ತೆ ತೆರೆದುಕೊಳ್ಳುತ್ತದೆ. ಊದಿ ನೋಡಿದರೆ ಗೊತ್ತಾಗದ ಕಾರಣವೂ ಇದೇ. ಊದುವುದು ಅಸ್ತರನ್ನು ಹೊರಕ್ಕೆ ತಳ್ಳುತ್ತದೆ, ಹೀರುವುದು ಒಳಕ್ಕೆ ಎಳೆಯುತ್ತದೆ.

ಈ ಎಂಜಿನ್‌ಗಳ ಇಂಧನ ಪಂಪ್ ದೊಡ್ಡ ಶಕ್ತಿಯದ್ದೇನಲ್ಲ. ಎರಡು ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್‌ಕೇಸ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಒತ್ತಡ ಏರಿಳಿಯುತ್ತದೆ. ಆ ಏರಿಳಿತಕ್ಕೆ ಅಲುಗಾಡುವ ತೆಳುವಾದ ಪೊರೆಯೇ ಪಂಪ್. ದಾರಿ ಸರಾಗವಾಗಿದ್ದರೆ ಧಾರಾಳ ಸಾಕು, ದಾರಿ ಕಟ್ಟಿದರೆ ಎಳೆದು ತರುವ ತಾಕತ್ತು ಅದಕ್ಕಿಲ್ಲ.

ಬಲ್ಬ್ ಸಮೇತ ಹೊಸ ಪೈಪು ತಂದು ಹಾಕಲಾಯಿತು. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಕವಾಟ ಇಂಧನವನ್ನೇ ತಡೆಯುತ್ತದೆ. ಸಿ.ಡಿ.ಐ. ಪೆಟ್ಟಿಗೆಗೆ ಕೊಟ್ಟ ಹಣದ ಮುಂದೆ ಪೈಪಿನ ಬೆಲೆ ಏನೂ ಅಲ್ಲ. ಮತ್ತೆ ಎರಡು ದಿನ ನದಿಯಲ್ಲೇ ಓಡಿಸಿ, ಮೂರನೇ ದಿನ ಮಾವ ಅಳಿವೆ ದಾಟಿದರು. ಆ ಋತುವಿನಲ್ಲಿ ಎಂಜಿನ್ ಮತ್ತೆ ನಿಲ್ಲಲಿಲ್ಲ. ಹೋದ ದಿನಗಳ ದುಡಿಮೆ ಮಾತ್ರ ಹೋದದ್ದೇ. ಸಾಲ ತೀರಿಸಲು ಅವರು ಆಗಸ್ಟ್ ನಂತರ ಬೇರೆಯವರ ಬೋಟಿಗೂ ಹೋಗಬೇಕಾಯಿತು.

ಪಠ್ಯದಲ್ಲಿರುವುದು, ಇಲ್ಲದಿರುವುದು

ಎರಡು ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಅಂದದ ಚಿತ್ರ ಬಿಡಿಸಿ ಅಂಕ ಗಳಿಸಿದವರು ನಮ್ಮ ತರಗತಿಯಲ್ಲಿ ಅರವತ್ತು ಮಂದಿ. ಆ ಎಂಜಿನ್ ಹೇಗೆ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ ಎಂಬ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಹಾಗೆಂದು ಓದಿದ್ದು ವ್ಯರ್ಥವಾಯಿತು ಎನ್ನಲಾರೆ. ಬಟ್ಟಲು, ಪೊರೆ, ಕವಾಟ ಯಾವುದು ಎಲ್ಲಿದೆ ಎಂದು ಗೊತ್ತಿದ್ದದ್ದು ಓದಿನಿಂದ. ಅದು ನಿಲ್ಲುವಾಗ ಹೇಗೆ ಕೂಗುತ್ತದೆ ಎಂದು ಗೊತ್ತಿದ್ದದ್ದು ಮಾವನಿಗೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

ಇಲ್ಲಿ ಬಳಸಿದ ವಿಧಾನ ದೋಣಿಗೆ ಮಾತ್ರ ಸೀಮಿತವಲ್ಲ. ಇಡೀ ವ್ಯವಸ್ಥೆಯನ್ನು ಎರಡು ಪಾಲು ಮಾಡಿ, ದೋಷ ಯಾವ ಪಾಲಿನಲ್ಲಿದೆ ಎಂದು ಒಂದು ಪರೀಕ್ಷೆಯಿಂದ ತಿಳಿದು, ಆ ಪಾಲನ್ನು ಮತ್ತೆ ಎರಡು ಮಾಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಸಮಯ ಮತ್ತು ಲಕ್ಷಣ ಬರೆದಿಡುವುದು. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ಬಿಡಿಭಾಗ ಕೊನೆಗೆ. ಮನೆಯ ಮೋಟಾರು ಪಂಪು, ಬೈಕು, ಮಾತು ಕೇಳದ ಕಂಪ್ಯೂಟರ್ ಪ್ರೋಗ್ರಾಂ ಎಲ್ಲದಕ್ಕೂ ಇದು ಹೊಂದುತ್ತದೆ. ಕ್ಯಾಂಪಸ್ ಸಂದರ್ಶನಗಳಲ್ಲಿ ‘ನೀವು ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದು ಕೇಳಿದಾಗ ಪ್ರಾಜೆಕ್ಟ್ ವರದಿಯ ಸಾಲುಗಳನ್ನು ಒಪ್ಪಿಸುವ ಬದಲು ಮನೆಯಲ್ಲಿ ಕೆಟ್ಟ ಒಂದು ಯಂತ್ರದ ಬಗ್ಗೆ ಹಂತ ಹಂತವಾಗಿ ಹೇಳಿ ನೋಡಿ. ಹಳ್ಳಿ ಮನೆಗಳಿಂದ ಬಂದ ನಮ್ಮಲ್ಲಿ ಅಂಥ ಕತೆಗಳಿಗೆ ಬರವಿಲ್ಲ.

ಈ ಕೆಲಸದಲ್ಲೇ ಬದುಕು ಕಟ್ಟಿಕೊಳ್ಳುವ ದಾರಿಗಳೂ ಇವೆ. ಕೇಂದ್ರ ಸರ್ಕಾರದ ಸಿಫ್‌ನೆಟ್ ಎಂಬ ಸಂಸ್ಥೆ ಕೊಚ್ಚಿಯಲ್ಲಿದೆ, ಚೆನ್ನೈ ಮತ್ತು ವಿಶಾಖಪಟ್ಟಣದಲ್ಲಿ ಅದರ ಘಟಕಗಳಿವೆ. ಮೀನುಗಾರಿಕಾ ಹಡಗುಗಳನ್ನು ನಡೆಸುವವರಿಗೆ ವೆಸೆಲ್ ನ್ಯಾವಿಗೇಟರ್, ಎಂಜಿನ್ ನೋಡಿಕೊಳ್ಳುವವರಿಗೆ ಮೆರೈನ್ ಫಿಟ್ಟರ್ ಎಂಬ ಕೋರ್ಸ್‌ಗಳು ಅಲ್ಲಿವೆ. ಪದವಿ ಓದಲು ಬಯಸುವವರಿಗೆ 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ನಾಡದೋಣಿ ಹೆಚ್ಚಿರುವ ಊರಿನಲ್ಲಿ ಔಟ್‌ಬೋರ್ಡ್ ಎಂಜಿನ್ ಬಲ್ಲ, ಅಂದಾಜಿನ ಬದಲು ಪರೀಕ್ಷೆ ಮಾಡಿ ಹೇಳುವ ಒಬ್ಬ ಐ.ಟಿ.ಐ. ಹುಡುಗನಿಗೆ ಕೆಲಸಕ್ಕೆ ಕೊರತೆಯಾಗದು.

ದೋಣಿ ಇಳಿಸುವ ಮುನ್ನ

ಮನೆಯಲ್ಲಿ ದೋಣಿ ಇರುವ ಗೆಳೆಯ ಗೆಳತಿಯರಿಗಾಗಿ, ನಾವು ಮಾವನ ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದಿಟ್ಟ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇನೆ. ಎಂಜಿನ್ ಪದೇ ಪದೇ ನಿಂತರೆ ಇದೇ ಕ್ರಮದಲ್ಲಿ ನೋಡಿ.

ತುರ್ತು ನಿಲುಗಡೆ ಸ್ವಿಚ್‌ನ ಹಗ್ಗ ಸರಿಯಾಗಿ ಕೂತಿದೆಯೇ? ಅಲುಗಾಟಕ್ಕೆ ಅದು ಸಡಿಲವಾದರೂ ಎಂಜಿನ್ ನಿಲ್ಲುತ್ತದೆ.

ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ?

ಎಂಜಿನ್ ಪಕ್ಕದಿಂದ ತಂಪು ನೀರಿನ ಧಾರೆ ಬರುತ್ತಿದೆಯೇ? ಬರದಿದ್ದರೆ ತಕ್ಷಣ ನಿಲ್ಲಿಸಿ. ನೀರು ಹೀರುವ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿರಬಹುದು, ನೀರಿನ ಪಂಪಿನ ರಬ್ಬರ್ ರೆಕ್ಕೆ ಸವೆದಿರಬಹುದು.

ಕುಗ್ಗುವಾಗ ಬಲ್ಬ್ ಚಪ್ಪಟೆಯೇ, ಗಟ್ಟಿಯೇ, ಮೆತ್ತಗೇ? ಆಗ ಬಲ್ಬ್ ಒತ್ತಿದರೆ ಎಂಜಿನ್ ಚೇತರಿಸಿಕೊಂಡರೆ ಇಂಧನದ ದಾರಿಯದ್ದೇ ದೋಷ.

ಇಂಧನದಲ್ಲಿ ನೀರಿದೆಯೇ? ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಪಾರದರ್ಶಕ ಬಾಟಲಿಯಲ್ಲಿ ಇಡಿ, ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟ ಹಳೆಯ ಪೆಟ್ರೋಲ್ ಬಳಸಬೇಡಿ.

ಇಷ್ಟಾದ ಮೇಲೆ ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಟ್ಯಾಂಕ್ ಮತ್ತು ಪೈಪು ಹಾಕಿ ನೋಡಿ. ಆಮೇಲೆ ಮಾತ್ರ ಎಂಜಿನ್ ಬಿಚ್ಚಿ.

ಎಲ್ಲ ಪರೀಕ್ಷೆಗಳೂ ಒಳನೀರಿನಲ್ಲಿ, ಜೊತೆಗೊಂದು ದೋಣಿಯೊಂದಿಗೆ ನಡೆಯಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಪೈಪು ಬಿಚ್ಚುವಾಗ ಬೀಡಿ ಬೇಡ. ಕಡಲಿಗೆ ಹೋಗುವಾಗ ಹುಟ್ಟು, ಲಂಗರು, ಸಾಕಷ್ಟು ಹಗ್ಗ, ಲೈಫ್ ಜಾಕೆಟ್ ಇರಲಿ. ಎಂಜಿನ್ ನಿಂತ ಕೂಡಲೇ ಎಲ್ಲರೂ ಎಂಜಿನ್ ಮೇಲೆ ಬಗ್ಗುವ ಬದಲು ಒಬ್ಬರು ಲಂಗರು ಇಳಿಸಲಿ, ದೋಣಿಯ ಮೂತಿ ಅಲೆಗೆ ನೇರವಾಗಿ ನಿಲ್ಲುತ್ತದೆ. ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರದ್ದು 1093. ಎರಡನ್ನೂ ದೋಣಿಯ ಒಳಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಮೊಬೈಲ್ ಒಬ್ಬರ ಜೇಬಿನಲ್ಲಿರುತ್ತದೆ, ಹಲಗೆಯ ಮೇಲಿನ ಬರಹ ಎಲ್ಲರಿಗೂ ಕಾಣುತ್ತದೆ.

ಮತ್ತೆ ಜೂನ್ ಬರುವ ಮುನ್ನ ಮಾವ ಪೈಪನ್ನು ಬದಲಿಸುವವರಿದ್ದಾರೆ, ಹೊರಗಿನಿಂದ ಅದು ಎಷ್ಟೇ ಹೊಸದಾಗಿ ಕಾಣಲಿ.